ಹಳೆಯ ಗಿಟಾರ್ ಆಂಪ್ಲಿಫೈಯರಿನ ಜೀರ್ಣೋದ್ಧಾರ

ವಿದ್ಯುತ್ ಗಿಟಾರಿಗೆ ಸ್ವಂತದ ದನಿ ಬಹಳ ಕಡಮೆ. ವೀಣೆಗೆ ಕೊಡವುಂಟು, ತಂಬೂರಿಗೆ ಬುರುಡೆಯುಂಟು. ಇದಕ್ಕಿರುವುದು ಗಟ್ಟಿ ಮರದ ಒಂದು ಹಲಗೆ ಮಾತ್ರ. ಬರಿದೆ ಮೀಟಿದರೆ ಪಕ್ಕದ ಕೋಣೆಯವರಿಗೂ ಕೇಳಿಸದು. ಅದರ ತಂತಿಗಳ ಕೆಳಗೆ ಅಯಸ್ಕಾಂತವನ್ನು ಬಳಸಿ ಸುತ್ತಿದ ತಾಮ್ರದ ಸುರುಳಿಯಿದೆ. ಉಕ್ಕಿನ ತಂತಿ ಅದರ ಮುಂದೆ ಕಂಪಿಸಿದಾಗ ಸುರುಳಿಯಲ್ಲಿ ಅತಿ ಕ್ಷೀಣವಾದ ವಿದ್ಯುತ್ತು ಹುಟ್ಟುತ್ತದೆ. ಸ್ಥೂಲವಾಗಿ ಹೇಳುವುದಾದರೆ ಒಂದು ವೋಲ್ಟಿನ ಹತ್ತನೆಯ ಒಂದು ಭಾಗ. ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕೊಡುವ ಪೆಟ್ಟಿಗೆಯೇ ಆಂಪ್ಲಿಫೈಯರು. ಆದುದರಿಂದ ಅದನ್ನು ಗಿಟಾರಿನ ಜೊತೆಗೆ ಕೊಳ್ಳುವ ಒಂದು ಸಲಕರಣೆಯೆಂದು ಭಾವಿಸಬಾರದು. ಅದು ಆ ವಾದ್ಯದ ಅರ್ಧಭಾಗ. ಕೊಡವನ್ನು ಬದಲಾಯಿಸಿದ ವೀಣೆ ಹೇಗೆ ಮೊದಲಿನ ವೀಣೆಯಲ್ಲವೋ ಹಾಗೆಯೇ ಇದು ಕೂಡ.

ಅರುವತ್ತು ವರ್ಷಗಳಿಗೂ ಹಿಂದೆ ತಯಾರಾದ ಇಂತಹ ಪೆಟ್ಟಿಗೆಗಳನ್ನು ಇಂದಿಗೂ ಜನ ಹುಡುಕಿ ಕೊಳ್ಳುತ್ತಾರೆ, ನುಡಿಸುತ್ತಾರೆ. ಕೊಂಡ ಮೇಲೆ ಎರಡು ಪ್ರಶ್ನೆಗಳು ಏಳುತ್ತವೆ. ಇದರಲ್ಲಿ ಏನನ್ನು ಬದಲಾಯಿಸಬೇಕು, ಏನನ್ನು ಮುಟ್ಟಬಾರದು? ಇದರ ಯೋಗ್ಯತೆಯೆಷ್ಟು? ಮೊದಲನೆಯದನ್ನು ತಪ್ಪಾಗಿ ಬಿಡಿಸಿದರೆ ಎರಡನೆಯದಕ್ಕೆ ಉತ್ತರವೇ ಉಳಿಯುವುದಿಲ್ಲ. ಸಾಮಾನ್ಯವಾಗಿ ಮಾತನಾಡುವುದಕ್ಕಿಂತ ಒಂದೇ ಒಂದು ಆಂಪ್ಲಿಫೈಯರನ್ನು ಎದುರಿಗಿಟ್ಟುಕೊಂಡು ನೋಡುವುದು ಮೇಲು. ಅಮೆರಿಕದ ಫೆಂಡರ್ ಕಂಪೆನಿಯ ‘ಚ್ಯಾಂಪ್’ ಎಂಬ ಪುಟ್ಟ ಪೆಟ್ಟಿಗೆಯನ್ನು ಆರಿಸಿಕೊಂಡಿದ್ದೇನೆ. ಅದಕ್ಕಿಂತ ಸರಳವಾದುದು ಸಿಗುವುದು ಕಷ್ಟ.

ಲಿಯೋ ಫೆಂಡರ್ ಹುಟ್ಟಿದ್ದು 1909ರಲ್ಲಿ, ಕ್ಯಾಲಿಫೋರ್ನಿಯದಲ್ಲಿ. 1938ರಲ್ಲಿ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿಯನ್ನು ತೆರೆದರು. 1946ರಲ್ಲಿ ವಾದ್ಯಗಳನ್ನು ತಯಾರಿಸುವ ಕಂಪೆನಿಯನ್ನು ಸ್ಥಾಪಿಸಿದರು. ಲೋಕಪ್ರಸಿದ್ಧವಾದ ಗಿಟಾರುಗಳನ್ನು ಮಾಡಿದ ಈ ಮಹಾನುಭಾವರಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಬರುತ್ತಿದ್ದುದು ರೇಡಿಯೋ. ವಾಲ್ವು ತಯಾರಕರ ಕೈಪಿಡಿಗಳಲ್ಲಿ ಅಚ್ಚಾಗಿದ್ದ ಸರ್ಕಿಟ್ಟುಗಳೇ ಅವರ ಮೊದಮೊದಲಿನ ಆಂಪ್ಲಿಫೈಯರುಗಳಿಗೆ ಆಧಾರ. ಹೀಗಾಗಿ ನಮ್ಮ ಹಿರಿಯರ ಮನೆಯ ನಡುಮನೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿರುತ್ತಿದ್ದ ವಾಲ್ವು ರೇಡಿಯೋವಿಗೂ ಈ ಪೆಟ್ಟಿಗೆಗೂ ದಾಯಾದಿ ಸಂಬಂಧವುಂಟು. ರೇಡಿಯೋವಿನಲ್ಲಿ ನಿಲಯವನ್ನು ಹಿಡಿಯುವ ಭಾಗವನ್ನು ತೆಗೆದುಹಾಕಿ, ಉಳಿದುದಕ್ಕೆ ಗಿಟಾರಿನ ತಂತಿಯನ್ನು ಸಿಕ್ಕಿಸಿದರೆ ಹೆಚ್ಚುಕಡಮೆ ಚ್ಯಾಂಪ್ ಆಗುತ್ತದೆ.

1950ರ ದಶಕದ ಉತ್ತರಾರ್ಧದಿಂದ 1964ರವರೆಗೆ ಬಂದ ಚ್ಯಾಂಪಿನ ಸರ್ಕಿಟ್ಟಿಗೆ ‘5ಎಫ್1’ ಎಂದು ಹೆಸರು. ಐದು ಎಂದರೆ ದಶಕ, ‘ಎಫ್’ ಎಂದರೆ ತಿದ್ದುಪಡಿಯ ಕ್ರಮ, ಒಂದು ಎಂದರೆ ಮಾದರಿ. ಇದರೊಳಗೆ ಮೂರೇ ವಾಲ್ವುಗಳು. 12ಎಎಕ್ಸ್7 ಎಂಬ ಮೊದಲನೆಯದು ಒಂದೇ ಗಾಜಿನೊಳಗೆ ಅಡಗಿದ ಜೋಡಿ. ಅದು ಗಿಟಾರಿನ ಕ್ಷೀಣ ದನಿಯನ್ನು ಎರಡು ಹಂತಗಳಲ್ಲಿ ಹಿಗ್ಗಿಸುತ್ತದೆ. 6ವಿ6 ಎಂಬುದು ಸ್ಪೀಕರನ್ನು ಅಲುಗಿಸುವಷ್ಟು ಶಕ್ತಿ ಕೊಡುತ್ತದೆ. 5ವೈ3 ಎಂಬ ಮೂರನೆಯದರ ಕೆಲಸ ಎ.ಸಿ. ವಿದ್ಯುತ್ತನ್ನು ಡಿ.ಸಿ. ಮಾಡುವುದು. ಸ್ಪೀಕರಿನ ಅಗಲ 8 ಅಂಗುಲ, ಶಕ್ತಿ ಸುಮಾರು 5 ವಾಟ್. ಇರುವುದು ಒಂದೇ ಗುಂಡಿ. ಸ್ವಿಚ್ಚೂ ಅದೇ, ದನಿಯ ಏರಿಳಿತವೂ ಅದೇ.

ಐದು ವಾಟ್ ಎಂದರೆ ಎಷ್ಟು ಮಹಾ ಎನ್ನುತ್ತೀರಿ. ಇಲ್ಲಿಯೇ ಗುಟ್ಟಿರುವುದು. ಗುಂಡಿಯನ್ನು ಅರ್ಧಕ್ಕಿಂತ ಮೇಲೆ ತಿರುಗಿಸಿದರೆ 6ವಿ6 ವಾಲ್ವಿಗೆ ತನ್ನ ಮಿತಿ ಎದುರಾಗುತ್ತದೆ. ದನಿಯ ಅಲೆ ಎಷ್ಟು ಎತ್ತರಕ್ಕೆ ಏಳಬೇಕೋ ಅಷ್ಟು ಏಳಲಾರದೆ ಅದರ ತಲೆ ಚಪ್ಪಟೆಯಾಗುತ್ತದೆ. ತಲೆ ಚಪ್ಪಟೆಯಾದ ಅಲೆಯಲ್ಲಿ ಮೂಲ ಸ್ವರದ ಜೊತೆಗೆ ಅದರ ಅನುಸ್ವರಗಳು ಸೇರಿಕೊಳ್ಳುತ್ತವೆ. ರೇಡಿಯೋ ಇಂಜಿನಿಯರಿಗೆ ಇದು ದೋಷ. ವಾರ್ತೆ ಓದುವವರ ದನಿ ಒಡೆದು ಬಂದರೆ ಯಾರು ಸಹಿಸುತ್ತಾರೆ? ಗಿಟಾರು ವಾದಕನಿಗೆ ಇದೇ ಗುಣ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಗೆ ಜೀವಾಳಿ ದಾರವನ್ನು ಏಕೆ ಸಿಕ್ಕಿಸುತ್ತಾರೆಂಬುದನ್ನು ನೆನೆಯಿರಿ. ದಾರವಿಲ್ಲದ ತಂಬೂರಿಯ ತಂತಿ ಶುದ್ಧವಾಗಿಯೇ ನುಡಿಯುತ್ತದೆ, ಆದರೆ ಸಪ್ಪೆ. ದಾರ ತನ್ನ ಜಾಗದಲ್ಲಿ ಕೂತೊಡನೆ ತಂತಿ ಝೇಂಕರಿಸುತ್ತದೆ. ಹಳೆಯ ಆಂಪ್ಲಿಫೈಯರಿನಲ್ಲಿ ಈ ಜೀವಾಳಿ ಒಂದು ಕಡೆ ಇಲ್ಲ. ವಾಲ್ವು, ಟ್ರಾನ್ಸ್‌ಫಾರ್ಮರು, ಕಂಡೆನ್ಸರು, ಸ್ಪೀಕರಿನ ಕಾಗದ, ಪೆಟ್ಟಿಗೆಯ ಹಲಗೆ ಇವುಗಳಲ್ಲೆಲ್ಲ ಹಂಚಿಹೋಗಿದೆ.

ಇದಕ್ಕೆ ಸಾಕ್ಷಿ ಬೇಕಾದರೆ 1962ರ ಲಂಡನ್ನಿಗೆ ಹೋಗಬೇಕು. ಜಿಮ್ ಮಾರ್ಷಲ್ ಎಂಬವರ ವಾದ್ಯದಂಗಡಿಯಲ್ಲಿ ಕೆನ್ ಬ್ರಾನ್, ಡಡ್ಲಿ ಕ್ರೇವನ್ ಮೊದಲಾದವರು ಫೆಂಡರ್ ಕಂಪೆನಿಯದೇ ‘ಬಾಸ್‌ಮನ್’ ಎಂಬ ದೊಡ್ಡ ಆಂಪ್ಲಿಫೈಯರನ್ನು ಮುಂದಿಟ್ಟುಕೊಂಡು, ಬಹುಮಟ್ಟಿಗೆ ಅದೇ ಸರ್ಕಿಟ್ಟಿನಲ್ಲಿ ಇನ್ನೊಂದನ್ನು ಕಟ್ಟಿದರು. ಬಿಡಿಭಾಗಗಳು ಮಾತ್ರ ಇಂಗ್ಲೆಂಡಿನಲ್ಲಿ ದೊರೆತವು. ಸ್ಪೀಕರುಗಳೂ ಬೇರೆ, ಅವನ್ನು ಕೂಡಿಸಿದ ಪೆಟ್ಟಿಗೆಯೂ ಬೇರೆ. ಮೊದಲು ಬಂದ ಮಾರ್ಷಲ್ ಆಂಪ್ಲಿಫೈಯರು ಅದು. ಅದರ ದನಿಯನ್ನು ಬಾಸ್‌ಮನ್ನಿನದೆಂದು ಯಾರೂ ಭ್ರಮಿಸಲಿಲ್ಲ. ಬೇರೊಂದು ಸಂಗೀತವೇ ಅದರ ಬೆನ್ನುಹತ್ತಿ ಬೆಳೆಯಿತು. ನಕಾಶೆ ಒಂದೇ ಆದರೂ ವಸ್ತು ಬೇರೆಯಾದರೆ ಸ್ವರ ಬೇರೆ.

ನಾನು ವೃತ್ತಿಯಿಂದ ಕನ್ನಡ ಪಂಡಿತ. ವಾಲ್ವು ರೇಡಿಯೋ ಬಿಚ್ಚಿ ಕೂಡಿಸುವುದು ಹುಡುಗತನದಿಂದ ಅಂಟಿದ ಹವ್ಯಾಸ. ಹಿಂದೆ ನನ್ನಲ್ಲಿ ಓದಿದವರೊಬ್ಬರು ಅಮೆರಿಕದಿಂದ ಮರಳುವಾಗ ಇಂತಹ ಒಂದು ಚ್ಯಾಂಪನ್ನು ತಂದಿದ್ದರು. ರಿಪೇರಿಯ ಅಂಗಡಿಯೊಂದರಲ್ಲಿ ಒಳಗಿನ ಕಂಡೆನ್ಸರು, ರೆಸಿಸ್ಟರು, ಸ್ಪೀಕರು, ಟ್ರಾನ್ಸ್‌ಫಾರ್ಮರು ಎಲ್ಲವನ್ನೂ ಕಿತ್ತು ಹೊಸದು ಹಾಕಿಕೊಡುವುದಾಗಿ ಹೇಳಿದರಂತೆ. “ಏನು ಮಾಡಲಿ ಮೇಷ್ಟ್ರೇ?” ಎಂದರು. ನನಗೆ ತಾಳೆಗರಿಯ ಸಂಪಾದನೆ ನೆನಪಾಯಿತು. ಹುಳು ತಿಂದ ಗರಿಯ ಮುಂದೆ ಕುಳಿತ ಸಂಪಾದಕ ಮೂರು ಬಗೆಯವನಾಗಬಹುದು. ಮುಟ್ಟಲು ಅಂಜಿ ಕಟ್ಟನ್ನು ಹಾಗೆಯೇ ಬಿಡುವವನು ಒಬ್ಬ, ಗರಿ ಪುಡಿಯಾಗುತ್ತದೆ. ತನಗೆ ತಿಳಿಯದ ಪದವನ್ನೆಲ್ಲ ತಿದ್ದಿ, ತನ್ನ ಕಾಲದ ಕನ್ನಡದಲ್ಲಿ ಹೊಸ ಕಾವ್ಯವನ್ನೇ ಬರೆದಿಡುವವನು ಇನ್ನೊಬ್ಬ. ಲಿಪಿಕಾರನ ಕೈತಪ್ಪು ಯಾವುದು, ಕವಿಯ ಪ್ರಯೋಗ ಯಾವುದು ಎಂದು ವಿವೇಚಿಸಿ ಅಷ್ಟನ್ನೇ ತಿದ್ದುವವನು ಮೂರನೆಯವನು. ಅಂಗಡಿಯವರದು ಎರಡನೆಯ ಮಾರ್ಗ. ನಮ್ಮೂರುಗಳಲ್ಲಿ ಕಲ್ಲಿನ ಗುಡಿಗೆ ಎಣ್ಣೆಬಣ್ಣ ಬಳಿದು ಜೀರ್ಣೋದ್ಧಾರವೆನ್ನುವುದೂ ಅದೇ ಮಾರ್ಗ.

ಮೊದಲು ಕಾಲನಿರ್ಣಯ. ಫೆಂಡರ್ ಪೆಟ್ಟಿಗೆಯ ಒಳಗೆ ವಾಲ್ವುಗಳ ಸ್ಥಾನವನ್ನು ತೋರಿಸುವ ಚೀಟಿಯೊಂದಿರುತ್ತದೆ. ಆ ಕಾಲದ ಚೀಟಿಗಳ ಮೇಲೆ ಎರಡು ಅಕ್ಷರಗಳ ಮೊಹರು ಹಾಕುತ್ತಿದ್ದರು. ಮೊದಲನೆಯದು ವರ್ಷ, ಎರಡನೆಯದು ತಿಂಗಳು. 1951ಕ್ಕೆ ‘ಎ’ ಎಂದು ಮೊದಲಿಟ್ಟರೆ 1958ಕ್ಕೆ ‘ಎಚ್’ ಬರುತ್ತದೆ. ‘ಎಚ್‌ಸಿ’ ಎಂದಿದ್ದರೆ 1958ರ ಮಾರ್ಚ್. ಚೀಟಿ ಹರಿದುಹೋಗಿದ್ದರೆ ಸ್ಪೀಕರು, ಟ್ರಾನ್ಸ್‌ಫಾರ್ಮರು, ದನಿಯ ಗುಂಡಿ ಇವುಗಳ ಮೈಮೇಲಿನ ಅಂಕೆಗಳನ್ನು ನೋಡಬೇಕು. ಮೊದಲ ಮೂರು ಅಂಕೆ ತಯಾರಕನ ಸಂಕೇತ: 220 ಎಂದರೆ ಜೆನ್ಸನ್, 465 ಎಂದರೆ ಆಕ್ಸ್‌ಫರ್ಡ್, 606 ಎಂದರೆ ಶೂಮಾಕರ್. ಮುಂದಿನವು ವರ್ಷ ಮತ್ತು ವಾರ. ಹಳೆಯ ಸಂಕೇತಗಳಲ್ಲಿ ವರ್ಷಕ್ಕೆ ಒಂದೇ ಅಂಕೆ. 220812 ಎಂದಿದ್ದರೆ ಎಂಟನೆಯ ವರ್ಷದ ಹನ್ನೆರಡನೆಯ ವಾರ. ಆದರೆ 1948ರ ಎಂಟೋ 1958ರ ಎಂಟೋ? ಓಲೆಗರಿಯ ಕೊನೆಯಲ್ಲಿ ಶಕವರ್ಷ ಕೊಡದೆ ‘ವಿಳಂಬಿ ಸಂವತ್ಸರ’ ಎಂದಷ್ಟೇ ಬರೆದಿಟ್ಟ ಲಿಪಿಕಾರನೂ ಹೀಗೆಯೇ ನಮ್ಮನ್ನು ಕಾಡುತ್ತಾನೆ. ವಿಳಂಬಿ 1898ರಲ್ಲೂ ಬಂದಿತ್ತು, 1958ರಲ್ಲೂ ಬಂದಿತ್ತು. ಅಲ್ಲಿ ಭಾಷೆಯನ್ನು ನೋಡಿ ತೀರ್ಮಾನಿಸುತ್ತೇವೆ, ಇಲ್ಲಿ ಪೆಟ್ಟಿಗೆಯ ಆಕಾರವನ್ನು ನೋಡಿ. ಎಲ್ಲ ಭಾಗಗಳ ಅಂಕೆಗಳೂ ಕೆಲವೇ ತಿಂಗಳ ಅಂತರದಲ್ಲಿದ್ದರೆ ಪಾಠ ಶುದ್ಧ. ಟ್ರಾನ್ಸ್‌ಫಾರ್ಮರು ಒಂದು ಮಾತ್ರ ಹತ್ತು ವರ್ಷ ಚಿಕ್ಕದಾಗಿದ್ದರೆ ನಡುವೆ ಯಾರದೋ ಕೈ ಸೇರಿದೆ.

ಇನ್ನು ಬಿಚ್ಚುವ ಮಾತು. ಇದನ್ನು ಓದಿ ಯಾರಾದರೂ ಸ್ಕ್ರೂಡ್ರೈವರು ಹಿಡಿದು ಹೊರಡುವ ಮೊದಲು ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಈ ಪುಟ್ಟ ಪೆಟ್ಟಿಗೆಯೊಳಗೆ 300 ವೋಲ್ಟಿಗೂ ಮಿಕ್ಕಿದ ಡಿ.ಸಿ. ವಿದ್ಯುತ್ತು ಓಡಾಡುತ್ತದೆ. ಪ್ಲಗ್ಗನ್ನು ಕಿತ್ತ ಮೇಲೂ ಅದು ಕಂಡೆನ್ಸರುಗಳಲ್ಲಿ ನಿಂತಿರಬಹುದು. ಪ್ರಾಣವನ್ನು ತೆಗೆಯಲು ಅಷ್ಟು ಸಾಕು. ಕಂಡೆನ್ಸರಿನ ವಿದ್ಯುತ್ತನ್ನು ದೊಡ್ಡ ರೆಸಿಸ್ಟರಿನ ಮೂಲಕ ಇಳಿಸಿ, ಇಳಿಯಿತೆಂದು ಮೀಟರಿನಲ್ಲಿ ಕಣ್ಣಾರೆ ಕಂಡ ಮೇಲೆಯೇ ಬೆರಳಿಡಬೇಕು. ಹಳೆಯ ಮೆಕ್ಯಾನಿಕ್ಕುಗಳು ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡು ಕೆಲಸ ಮಾಡುತ್ತಿದ್ದುದು ಶೋಕಿಗಲ್ಲ. ವಿದ್ಯುತ್ತು ಒಂದು ಕೈಯಿಂದ ಎದೆಯ ಮೂಲಕ ಇನ್ನೊಂದು ಕೈಗೆ ಹಾಯಬಾರದೆಂದು. ಈ ವಿದ್ಯೆ ಬಾರದವರು ಬಲ್ಲವರ ಪಕ್ಕದಲ್ಲಿ ಕುಳಿತು ನೋಡುವುದೇ ಲೇಸು.

ಹಲವು ವರ್ಷ ಮೂಲೆಯಲ್ಲಿದ್ದ ಪೆಟ್ಟಿಗೆಯನ್ನು ತಂದೊಡನೆ ಪ್ಲಗ್ಗಿಗೆ ಸಿಕ್ಕಿಸುವ ಆತುರವೇ ಅದಕ್ಕೆ ಮೊದಲ ಶತ್ರು. ನಮ್ಮ ನಾಡಿನಲ್ಲಿ ಅಪಾಯ ಇಮ್ಮಡಿ, ಏಕೆಂದರೆ ಅದು 117 ವೋಲ್ಟಿಗೆ ಮಾಡಿದ್ದು, ನಮ್ಮ ಗೋಡೆಯಲ್ಲಿ ಬರುವುದು 230. ನಡುವೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರು ಇರಲೇಬೇಕು. ಅದಕ್ಕೂ ಹಿಂದೆ ರಿಪೇರಿಯವರ ಸೀರೀಸ್ ಬೋರ್ಡಿನಲ್ಲಿ 60 ವಾಟಿನ ತಂತುಬಲ್ಬೊಂದಿರಲಿ. (ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು.) ಬಲ್ಬು ಒಮ್ಮೆ ಹೊಳೆದು ಮಂಕಾದರೆ ಒಳಗೆ ಕ್ಷೇಮ; ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ಕೂಡಲೆ ಆರಿಸಬೇಕು. ಇನ್ನೊಂದು ಸೂಕ್ಷ್ಮ ಉಂಟು. ಅಮೆರಿಕದ ವಿದ್ಯುತ್ತು ಸೆಕೆಂಡಿಗೆ 60 ಸಲ ದಿಕ್ಕು ತಿರುಗಿ ಬರುತ್ತದೆ, ನಮ್ಮದು 50 ಸಲ. ಸ್ಟೆಪ್‌ಡೌನ್ ವೋಲ್ಟನ್ನು ಇಳಿಸಬಲ್ಲುದೇ ಹೊರತು ಈ ಲಯವನ್ನು ಬದಲಾಯಿಸಲಾರದು. ಲಯ ನಿಧಾನವಾದಷ್ಟೂ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಮೇಲೆ ಕಾಂತದ ಹೊರೆ ಹೆಚ್ಚಿ ಅದು ಅಲ್ಲಿಗಿಂತ ಇಲ್ಲಿ ಹೆಚ್ಚು ಕಾಯುತ್ತದೆ. ಒಂದು ಗಂಟೆ ನುಡಿಸಿ, ಪ್ಲಗ್ಗು ಕಿತ್ತು, ಅಂಗೈಯಿಟ್ಟು ನೋಡಬೇಕು. ಕೈ ಇಡಲಾಗದಷ್ಟು ಸುಡುತ್ತಿದ್ದರೆ, ಅಥವಾ ಸುಟ್ಟ ವಾರ್ನಿಷಿನ ವಾಸನೆ ಬಂದರೆ ನಿಲ್ಲಿಸಬೇಕು. ಸ್ಪೀಕರಿನ ತಂತಿಯನ್ನು ಕಳಚಿಟ್ಟು ಮಾತ್ರ ಎಂದಿಗೂ ನುಡಿಸಕೂಡದು. ಹೊರೆಯಿಲ್ಲದೆ ಹೋದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಒಳಗೇ ಸುಟ್ಟುಹೋಗಬಹುದು.

ಬದಲಾಯಿಸಲೇಬೇಕಾದುದು ಯಾವುದು? ಕಾಲಧರ್ಮದಿಂದಲೇ ನಶಿಸುವಂಥದು. ಅವುಗಳಲ್ಲಿ ಮುಖ್ಯವಾದುದು ಎಲೆಕ್ಟ್ರೊಲಿಟಿಕ್ ಕಂಡೆನ್ಸರು. ಅಲ್ಯೂಮಿನಿಯಮ್ಮಿನ ಹಾಳೆಗಳ ನಡುವೆ ದ್ರವದಲ್ಲಿ ನೆನೆದ ಕಾಗದವನ್ನಿಟ್ಟು ಸುತ್ತಿದ ಸುರುಳಿ ಅದು. ಚ್ಯಾಂಪಿನಲ್ಲಿ 450 ವೋಲ್ಟ್ ತಡೆಯುವ ಮೂರಿವೆ: 16, 8, 8 ಮೈಕ್ರೊಫ್ಯಾರಡ್. ದಶಕಗಳು ಕಳೆದಂತೆ ದ್ರವ ಒಣಗುತ್ತದೆ. ಪೆಟ್ಟಿಗೆ ಗುಂಯ್‌ಗುಟ್ಟುತ್ತದೆ, ಕೊನೆಗೆ ಕಂಡೆನ್ಸರು ಸಿಡಿದು ತನ್ನ ಜೊತೆಗೆ 5ವೈ3 ವಾಲ್ವನ್ನೋ ಟ್ರಾನ್ಸ್‌ಫಾರ್ಮರನ್ನೋ ಕೊಂಡೊಯ್ಯುತ್ತದೆ. ‘ಮೂಲದ್ದು’ ಎಂಬ ಮೋಹದಿಂದ ಇವನ್ನು ಉಳಿಸಿಕೊಳ್ಳುವ ಸಂಗ್ರಾಹಕರಿದ್ದಾರೆ. ಗಾಜಿನ ಬೀರುವಿನಲ್ಲಿಡುವುದಾದರೆ ನನ್ನ ಅಭ್ಯಂತರವಿಲ್ಲ. ನುಡಿಸುವುದಾದರೆ ಅದು ಹುಂಬತನ. ಎರಡನೆಯದು ವಿದ್ಯುತ್ತಿನ ವೈರು. ಅಂದಿನದು ಎರಡೇ ಎಳೆಯದು, ಭೂಮಿಗೆ ಕೂಡಿಸುವ ಮೂರನೆಯ ಎಳೆ ಇಲ್ಲ. ಆ ಕಾಲದ ಅನೇಕ ಅಮೆರಿಕನ್ ಆಂಪ್ಲಿಫೈಯರುಗಳಲ್ಲಿ ವಿದ್ಯುತ್ತಿನ ಒಂದು ಎಳೆಗೂ ತಗಡಿನ ಮೈಗೂ ನಡುವೆ ಒಂದು ಚಿಕ್ಕ ಕಂಡೆನ್ಸರು ಬೇರೆ ಇರುತ್ತಿತ್ತು. ಅದು ಕೆಟ್ಟು ಶಾರ್ಟ್ ಆದ ದಿನ ಗಿಟಾರಿನ ತಂತಿಯೇ ಕರೆಂಟಿನ ತಂತಿ; ಅಲ್ಲಿನ ಮೆಕ್ಯಾನಿಕ್ಕುಗಳು ಅದನ್ನು ಮೃತ್ಯು ಕಂಡೆನ್ಸರೆಂದೇ ಕರೆಯುತ್ತಾರೆ. ಅದಿದ್ದರೆ ಕತ್ತರಿಸಿ ತೆಗೆದು, ಮೂರೆಳೆಯ ವೈರು ಹಾಕಿ, ತಗಡಿನ ಮೈಯನ್ನು ಭೂಮಿಗೆ ಕೂಡಿಸಬೇಕು. ಇದರಲ್ಲಿ ಚರ್ಚೆಗೆ ಎಡೆಯಿಲ್ಲ. ಇದರಿಂದ ದನಿಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಆಗದು.

ಚರ್ಚೆ ಬರುವುದು ಇದರಾಚೆಗೆ. ಒಂದು ವಾಲ್ವಿನಿಂದ ಮುಂದಿನದಕ್ಕೆ ದನಿಯನ್ನು ದಾಟಿಸಿ ಡಿ.ಸಿ.ಯನ್ನು ತಡೆಯುವ ಕಂಡೆನ್ಸರುಗಳನ್ನು ಕಣ್ಣುಮುಚ್ಚಿ ಕೀಳಬಾರದು, ಕಣ್ಣುಮುಚ್ಚಿ ನಂಬಲೂಬಾರದು. ಒಂದು ತುದಿಯ ಬೆಸುಗೆ ಬಿಡಿಸಿ, ಅಲ್ಲಿ ಡಿ.ಸಿ. ಸೋರುತ್ತಿದೆಯೇ ಎಂದು ಅಳೆಯಬೇಕು. ಸೋರಿದರೆ 6ವಿ6 ಅಂಕೆ ತಪ್ಪಿ ಕೆಂಪಗೆ ಕಾಯುತ್ತದೆ, ಅದನ್ನು ಬದಲಾಯಿಸಲೇಬೇಕು. ಸೋರದಿದ್ದರೆ ಮತ್ತೆ ಬೆಸೆದು ಕೈಮುಗಿದು ಬಿಡಬೇಕು. ಇಂಗಾಲದ ರೆಸಿಸ್ಟರುಗಳು ವಯಸ್ಸಾದಂತೆ ತಮ್ಮ ಅಂಕಿಯಿಂದ ಮೇಲಕ್ಕೆ ಸರಿಯುತ್ತವೆ. ಹೊಸದಾಗಿದ್ದಾಗಲೂ ಅವು ನೂರಕ್ಕೆ ಹತ್ತರಷ್ಟೋ ಇಪ್ಪತ್ತರಷ್ಟೋ ಆಚೀಚೆ ಇದ್ದವೇ. ಬಹಳ ದೂರ ಸರಿದುದನ್ನೂ ಚಿಟಪಟ ಸದ್ದು ಮಾಡುವುದನ್ನೂ ತೆಗೆದರೆ ಸಾಕು. 6ವಿ6 ಎಷ್ಟು ದುಡಿಯುತ್ತಿದೆ ಎಂಬುದಕ್ಕೆ ಸುಲಭವಾದ ಲೆಕ್ಕವಿದೆ. ಅದರ ಕ್ಯಾಥೋಡಿನ ಕೆಳಗೆ 470 ಓಮಿನ ರೆಸಿಸ್ಟರಿದೆ. ಅದರ ಎರಡು ತುದಿಗಳ ನಡುವೆ 19 ವೋಲ್ಟ್ ಕಂಡಿತೆನ್ನಿ. ಭಾಗಿಸಿದರೆ ಸುಮಾರು 40 ಮಿಲಿಆಂಪಿಯರ್. ವಾಲ್ವಿನ ಮೇಲೆ 300 ವೋಲ್ಟಿದ್ದರೆ ಗುಣಿಸಿದಾಗ 12 ವಾಟ್. ಹಳೆಯ ಕೈಪಿಡಿಗಳು 6ವಿ6ಕ್ಕೆ ಕೊಟ್ಟ ಮೇಲ್ಮಿತಿಯೂ 12 ವಾಟೇ. ಇದಕ್ಕಿಂತ ಬಹಳ ಮೇಲಿದ್ದರೆ ಕಾರಣವನ್ನು ಹುಡುಕಬೇಕು.

ಗುಂಯ್ ಎಂಬ ಸದ್ದಿನಲ್ಲೂ ಪಾಠ ಎರಡು. ಕಂಡೆನ್ಸರು ಒಣಗಿ ಬರುವ ಸದ್ದು ನಮ್ಮಲ್ಲಿ ಸೆಕೆಂಡಿಗೆ 100 ಕಂಪನದ್ದು, ಗಡುಸು. ಹೊಸ ಕಂಡೆನ್ಸರು ಹಾಕಿದೊಡನೆ ಮಾಯ. ವಾಲ್ವುಗಳ ಒಳಗಿನ ತಂತುವನ್ನು ಕಾಯಿಸುವ ಎ.ಸಿ.ಯಿಂದ ಬರುವುದು 50ರದ್ದು, ಮೆದು. ಚ್ಯಾಂಪಿನಲ್ಲಿ ಆ ತಂತುವಿನ ಒಂದು ತುದಿಯನ್ನು ನೇರವಾಗಿ ತಗಡಿಗೆ ಕೂಡಿಸಿರುವುದರಿಂದ ಈ ಎರಡನೆಯ ಗುನುಗು ಸ್ವಲ್ಪಮಟ್ಟಿಗೆ ಹುಟ್ಟುಗುಣವೇ. ಅದನ್ನು ಪೂರ್ತಿ ಅಡಗಿಸಲು ಹೊರಟವರು ವೈರುಗಳ ಹಾದಿಯನ್ನೆಲ್ಲ ಬದಲಾಯಿಸಿ ಬೇರೆಯೇ ಆಂಪ್ಲಿಫೈಯರನ್ನು ಮಾಡಿಟ್ಟ ಉದಾಹರಣೆಗಳುಂಟು.

ಸ್ಪೀಕರು, ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಇವೆರಡರ ವಿಷಯದಲ್ಲಿ ಜಿಪುಣತನವೇ ಸರಿ. ಸ್ಪೀಕರಿನ ಕಾಗದ ಸ್ವಲ್ಪ ಹರಿದಿದ್ದರೆ ತೆಳುಕಾಗದದ ಚೂರನ್ನು ತೆಳ್ಳಗೆ ಅಂಟು ಸವರಿ ಹಚ್ಚಿದರೆ ವರ್ಷಗಟ್ಟಲೆ ನಡೆಯುತ್ತದೆ. ಕಾಗದವನ್ನೇ ಬದಲಾಯಿಸಿದರೆ ಉಳಿಯುವುದು ಹಳೆಯ ಅಯಸ್ಕಾಂತ, ಹೊಸ ಗಂಟಲು.

ವಾಲ್ವುಗಳ ಮಾತು ಬೇರೆ. ಅವು ದೀಪದ ಬತ್ತಿಯಂತೆ ಸವೆಯುವುದಕ್ಕೇ ಇರುವಂಥವು; ಸವೆದಾಗ ಬದಲಾಯಿಸಲೆಂದೇ ಕಾಲುಗಳನ್ನಿಟ್ಟು ಮಾಡಿದ್ದಾರೆ. ಇಂದಿಗೂ ರಷ್ಯ, ಸ್ಲೊವಾಕಿಯ, ಚೀನಗಳಲ್ಲಿ ಅವು ತಯಾರಾಗುತ್ತವೆ. ಬೆಂಗಳೂರಿಗೂ ಇದರಲ್ಲಿ ಒಂದು ಪಾಲಿದೆಯೆಂಬುದು ಅನೇಕರಿಗೆ ತಿಳಿಯದು. 1954ರಲ್ಲಿ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಿಂದ ರೇಡಿಯೋ ವಾಲ್ವುಗಳನ್ನೂ 1964ರಿಂದ ಆಕಾಶವಾಣಿಗೆ ಟ್ರಾನ್ಸ್‌ಮಿಟರುಗಳನ್ನೂ ತಯಾರಿಸಿತು. ನಮ್ಮ ರೇಡಿಯೋಗಳಿಗೆಂದು ಮಾಡಿದ ‘ಬಿಇಎಲ್’ ಗುರುತಿನ ವಾಲ್ವುಗಳನ್ನು ಈಗ ಹೊರದೇಶದ ಗಿಟಾರು ವಾದಕರೂ ಹುಡುಕಿ ಕೊಳ್ಳುತ್ತಾರೆ. ಗುಜರಿ ಅಂಗಡಿಯಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಹಾಗೆಯೇ ಉಳಿದ ಒಂದು 12ಎಎಕ್ಸ್7 ಸಿಕ್ಕಿದರೆ ಎಸೆಯಬೇಡಿ.

ಇನ್ನು ಬೆಲೆ. ಪೇಟೆಯಲ್ಲಿ ಬೆಲೆ ಕಟ್ಟುವವರು ಮೊದಲು ನೋಡುವುದು ತಯಾರಾದ ವರ್ಷ. 1965ರಲ್ಲಿ ಫೆಂಡರ್ ಕಂಪೆನಿ ಸಿ.ಬಿ.ಎಸ್. ಸಂಸ್ಥೆಯ ಕೈಸೇರಿತು, ಅದಕ್ಕೆ ಹಿಂದಿನದೆಂದರೆ ಹೆಚ್ಚಿನ ಹಣ. ಮೇಲುಹೊದಿಕೆಯ ಬಟ್ಟೆ, ಹಿಡಿ, ಹೆಸರಿನ ಫಲಕ ಇವುಗಳನ್ನೂ ನೋಡುತ್ತಾರೆ. ಮಾರುವವನಿಗೆ ಇದೆಲ್ಲ ಬೇಕು. ನುಡಿಸುವವನು ಬೇರೆ ರೀತಿ ಪರೀಕ್ಷಿಸಬೇಕು. ಗಿಟಾರಿನ ದನಿಯನ್ನು ಪೂರ್ತಿ ಬಿಟ್ಟು, ಆಂಪ್ಲಿಫೈಯರಿನ ಗುಂಡಿಯನ್ನು ಮುಕ್ಕಾಲಕ್ಕೆ ತಿರುಗಿಸಿ, ಒಂದೇ ತಂತಿಯನ್ನು ಮೊದಲು ಮೆಲ್ಲಗೆ, ಆಮೇಲೆ ಬಿರುಸಾಗಿ ಮೀಟಿ. ಒಳ್ಳೆಯ ಪೆಟ್ಟಿಗೆಯಲ್ಲಿ ಮೆಲ್ಲನೆಯ ಮೀಟು ನಿರ್ಮಲವಾಗಿಯೂ ಬಿರುಸಿನ ಮೀಟು ಅನುಸ್ವರ ತುಂಬಿಯೂ ಬರುತ್ತದೆ. ಎರಡರ ನಡುವೆ ಮೆಟ್ಟಿಲು ಕಾಣಿಸದು, ಇಳಿಜಾರಿರುತ್ತದೆ. ಆ ಇಳಿಜಾರು ಬೆರಳಿನ ಅಧೀನದಲ್ಲಿದೆಯೇ ಎಂಬುದನ್ನು ಕೇಳಿ. ಎಲ್ಲ ಮೀಟಿಗೂ ಒಂದೇ ಒರಟು ದನಿ ಬಂದರೆ ವರ್ಷ ಯಾವುದಾದರೇನು?

ಆ ಶಿಷ್ಯರ ಪೆಟ್ಟಿಗೆಯಲ್ಲಿ ಕೊನೆಗೆ ಬದಲಾದುದು ಇಷ್ಟು: ಮೂರು ದೊಡ್ಡ ಎಲೆಕ್ಟ್ರೊಲಿಟಿಕ್, ಕ್ಯಾಥೋಡಿನ ಬಳಿಯ ಚಿಕ್ಕದೊಂದು, ಸೋರುತ್ತಿದ್ದ ಒಂದು ಕಂಡೆನ್ಸರು, ವಿದ್ಯುತ್ತಿನ ವೈರು, 6ವಿ6 ವಾಲ್ವು. ತಗಡಿನ ಮೈಯನ್ನು ಭೂಮಿಗೆ ಕೂಡಿಸಿದೆವು. ಸ್ಪೀಕರಿನ ಅಂಚಿಗೆ ಬೆರಳುಗುರಿನಷ್ಟು ಕಾಗದ ಹಚ್ಚಿದೆವು. ಉಳಿದುದೆಲ್ಲ ಫುಲರ್ಟನ್ನಿನಿಂದ ಹೊರಟಂತೆಯೇ ಇದೆ. ತೆಗೆದ ಭಾಗಗಳನ್ನು ಒಂದು ಲಕೋಟೆಯಲ್ಲಿ ಹಾಕಿ, ಯಾವುದನ್ನು ಎಲ್ಲಿಂದ, ಯಾವ ತಾರೀಖಿನಲ್ಲಿ, ಏಕೆ ತೆಗೆದೆವೆಂದು ಚೀಟಿ ಬರೆದು ಪೆಟ್ಟಿಗೆಯ ತಳದಲ್ಲಿ ಅಂಟಿಸಿದ್ದೇವೆ. ಮುಂದೆ ಅದನ್ನು ಬಿಚ್ಚುವವರಿಗೆ ಪಾಠಾಂತರ ಹುಡುಕುವ ಕಷ್ಟವಿರುವುದಿಲ್ಲ.